ಬಾವಿಯಿದ್ದ ಬಾಡಿಗೆ ಮನೆ

ಬಾಡಿಗೆ ಮನೆ ನೋಡಲು ಹೋದವರು ಮೊದಲು ಗೋಡೆ ನೋಡುತ್ತಾರೆ, ಆಮೇಲೆ ಬಚ್ಚಲು, ಕೊನೆಗೆ ಅಡ್ವಾನ್ಸ್ ಎಷ್ಟು ಎಂದು ಕೇಳುತ್ತಾರೆ. ವರಲಕ್ಷ್ಮಿ ಮೊದಲು ಕಿಟಕಿಯ ಹತ್ತಿರ ಹೋಗಿ, ಸೆರಗಿಗೆ ಚುಚ್ಚಿಕೊಂಡಿರುವ ಸೂಜಿ ತೆಗೆದು ದಾರ ಪೋಣಿಸುತ್ತಾಳೆ. ತಡವರಿಸದೆ ದಾರ ತೂರಿದರೆ ಆ ಮನೆಯ ಬೆಳಕು ಸರಿಯಿದೆ ಎಂದು ಲೆಕ್ಕ. ಮನೆ ತೋರಿಸಲು ಬಂದ ಮಾಲೀಕ ಬೀಗದ ಕೈ ತಿರುಗಿಸುತ್ತಾ, ಈ ಹೆಂಗಸು ಏನು ಮಾಡುತ್ತಿದ್ದಾಳೆ ಎಂದು ನೋಡುತ್ತಾ ನಿಂತಿರುತ್ತಾನೆ.

ಈ ಬುದ್ಧಿ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಪುರವರದ ಪಕ್ಕದ ಅವಳ ಹಳ್ಳಿಯಲ್ಲಿ ಬಾಡಿಗೆ ಎಂಬ ಮಾತು ಟ್ರ್ಯಾಕ್ಟರಿಗೂ ಶಾಮಿಯಾನಕ್ಕೂ ಸಲ್ಲುತ್ತಿತ್ತೇ ಹೊರತು ಮನೆಗಲ್ಲ. ಮದುವೆಯಾದದ್ದು ಮುತ್ತುರಾಜುವನ್ನು. ಅವನು ಕರೆಂಟ್ ಕಂಪನಿಯಲ್ಲಿ ಲೈನ್‌ಮ್ಯಾನ್. ಕಂಬ ಎಲ್ಲಿದೆಯೋ ಅಲ್ಲಿಗೆ ಗಂಡ, ಗಂಡ ಎಲ್ಲಿದ್ದಾನೋ ಅಲ್ಲಿಗೆ ಹೊಲಿಗೆ ಮಿಷಿನ್ ಹೊತ್ತುಕೊಂಡು ಅವಳು. ಅವಳು ರವಿಕೆ ಹೊಲಿಯುತ್ತಾಳೆ. ಚೆನ್ನಾಗಿಯೇ ಹೊಲಿಯುತ್ತಾಳೆ.

ಮೊದಲ ಬಾಡಿಗೆ ಮನೆ ಸಿರಾದಲ್ಲಿ. ಹೊಸ ಮನೆ, ಹೊಳೆಯುವ ಟೈಲ್ಸ್ ನೆಲ. ನೋಡಿದ ಕೂಡಲೇ ಇಬ್ಬರೂ ಒಪ್ಪಿದರು. ಸಾಮಾನು ಇಳಿಸಿದ ಮೇಲೆ ಗೊತ್ತಾಯಿತು, ಇದ್ದ ಎರಡು ಕಿಟಕಿಗಳೂ ಪಕ್ಕದ ಮನೆಯ ಗೋಡೆಗೇ ತೆರೆದುಕೊಳ್ಳುತ್ತವೆ ಎಂದು. ಹಗಲಲ್ಲೂ ಟ್ಯೂಬ್‌ಲೈಟ್ ಹಾಕಿಕೊಂಡೇ ಹೊಲಿದಳು. ಒಂದು ಮದುವೆಯ ರವಿಕೆಗೆ ಮರೂನ್ ದಾರವೆಂದು ತಿಳಿದು ಕಂದು ದಾರ ಹಾಕಿಬಿಟ್ಟಳು. ಮದುವಣಗಿತ್ತಿ ಬಿಸಿಲಿಗೆ ಹೋಗಿ ನಿಂತಾಗಲೇ ಅದು ಕಂಡದ್ದು. ರವಿಕೆಯನ್ನು ಪೂರ್ತಿ ಬಿಚ್ಚಿ ಮತ್ತೆ ಹೊಲಿದು ಕೊಟ್ಟಳು. ಅಂದಿನಿಂದ ಸೂಜಿ ಸೆರಗಿಗೆ ಬಂತು.

ಪಾವಗಡಕ್ಕೆ ಹೋದಾಗ ಬೆಳಕಿಗೇನೂ ಕೊರತೆಯಿರಲಿಲ್ಲ. ಅಲ್ಲಿ ಬೇಳೆ ಬೇಯಲಿಲ್ಲ. ಕುಕ್ಕರ್ ಎಷ್ಟು ಕೂಗಿದರೂ ತೊಗರಿ ಬೇಳೆ ಬೇಳೆಯಾಗಿಯೇ ಉಳಿಯುತ್ತಿತ್ತು. ತನ್ನ ಕೈಯಲ್ಲೇ ಏನೋ ತಪ್ಪಿದೆ ಎಂದು ಅವಳು ಅಂದುಕೊಂಡಳು, ಅಂಗಡಿಯವನು ಹಳೇ ಬೇಳೆ ಕೊಟ್ಟನೆಂದು ಜಗಳವನ್ನೂ ಆಡಿದಳು. ಪಕ್ಕದ ಮನೆಯಾಕೆ ನಕ್ಕು, "ಬೇಳೇದಲ್ಲಮ್ಮ, ನೀಳ್ಳದು. ಬೋರ್ ನೀಳ್ಳು ಕದಾ" ಎಂದಳು. ಆ ಕಡೆಯವರ ಮಾತಿನಲ್ಲಿ ತೆಲುಗು ಕನ್ನಡ ಎರಡೂ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ನೀಳ್ಳು ಅಂದರೆ ನೀರು, ಕದಾ ಅಂದರೆ ಅಲ್ವಾ ಎಂದು ತಿಳಿಯಲು ವರಲಕ್ಷ್ಮಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಮನೆ ನೋಡಲು ಹೊರಟಾಗಲೆಲ್ಲ ಚೀಲದಲ್ಲಿ ಒಂದು ಹಿಡಿ ಬೇಳೆ ಕಟ್ಟಿಕೊಂಡು ಹೋಗುವುದನ್ನು ಅವಳು ರೂಢಿ ಮಾಡಿಕೊಂಡಳು.

ಕೊರಟಗೆರೆಯ ಮನೆಯಲ್ಲಿ ಬೆಳಕೂ ಇತ್ತು, ಬೇಳೆಯೂ ಬೇಯುತ್ತಿತ್ತು. ಗೊರವನಹಳ್ಳಿ ದೇವಸ್ಥಾನಕ್ಕೆ ಹೋಗುವ ಹೆಂಗಸರು ಹೋಗುತ್ತಾ ಅಳತೆ ಕೊಟ್ಟು, ಮುಂದಿನ ಸಲ ಬಂದಾಗ ರವಿಕೆ ಒಯ್ಯುತ್ತಿದ್ದರು. ಆದರೆ ಮಾಲೀಕನಿಗೆ ಅದು ಸರಿಬರಲಿಲ್ಲ. "ದಿನಾ ಯಾರ್ಯಾರೋ ಬಂದು ಹೋಯ್ತಾರೆ, ನೋಡಿದೋರು ಏನಂದ್ಕಂತಾರೆ" ಎಂದು ಒಂದು ದಿನ ಅವಳ ಹೊಲಿಗೆ ಬೋರ್ಡನ್ನು ತಾನೇ ಕಿತ್ತು ಒಳಗಿಟ್ಟ. ಬೆಳಕು ನೀರು ನೋಡಿದರೆ ಸಾಲದು, ಮನೆಯವರ ಮನಸ್ಸನ್ನೂ ವಿಚಾರಿಸಿಕೊಳ್ಳಬೇಕು ಎಂದು ಅವಳಿಗೆ ಅರಿವಾದದ್ದು ಆಗ.

ಹಾಗಾಗಿ ಮುತ್ತುರಾಜುವಿಗೆ ಕೊಡಿಗೇನಹಳ್ಳಿಗೆ ವರ್ಗವಾದಾಗ ಅವಳು ಅವನೊಬ್ಬನನ್ನೇ ಮುಂದೆ ಕಳಿಸಿದಳು. "ಯಾರಾದ್ರೂ ಜೊತೆಯೋರ ರೂಮಲ್ಲಿ ಮಲಿಕ್ಕೊ. ಮನೆ ನಾನು ನೋಡ್ತೀನಿ."

ಮಧುಗಿರಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ನಾಗಲಿಂಗಯ್ಯ ಎಂಬವರ ಪೂರ್ವಿಕರ ಮನೆ ಕೊಡಿಗೇನಹಳ್ಳಿಯಲ್ಲಿ ಖಾಲಿಯಿದೆ ಎಂದು ಯಾರೋ ಹೇಳಿದರು. ಅವರು ಸ್ವತಃ ಬಸ್ಸಿನಲ್ಲಿ ಬಂದು ತೋರಿಸಿದರು. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತಗಿನ ಮಾತು. ಮನೆಗಳನ್ನು ತೋರಿಸುವಾಗ ಎಲ್ಲರೂ ಕೇಳುವುದನ್ನೇ ಮೊದಲು ಕೇಳಿದರು: "ನೀವು ಯಾವ ಪೈಕಿಯಮ್ಮ?" ಅವಳು ಹೇಳಿದಳು. ಅವರು ತಲೆ ಆಡಿಸಿ ಬಾಗಿಲು ತೆಗೆದರು.

ಕಲ್ಲುಚಪ್ಪಡಿಯ ಹಳೇ ಮನೆ. ಮುಂಬಾಗಿಲಿನಿಂದ ಹಿತ್ತಲ ಬಾಗಿಲಿನವರೆಗೆ ನೇರವಾಗಿ ಒಂದು ಉದ್ದನೆಯ ನಡುಮನೆ, ಅದರ ಎರಡೂ ಪಕ್ಕಕ್ಕೆ ಕೋಣೆಗಳು. ಸೂರಿನ ಗವಾಕ್ಷಿಯಿಂದ ಬೆಳಕು ಹಾಲು ಸುರಿದಂತೆ ಬೀಳುತ್ತಿತ್ತು. ದಾರ ಒಂದೇ ಸಲಕ್ಕೆ ತೂರಿತು. ಬಾಡಿಗೆಯೂ ಅವಳು ಅಂದುಕೊಂಡಿದ್ದಕ್ಕಿಂತ ತೀರ ಕಡಿಮೆ. ಇಷ್ಟು ಒಳ್ಳೆ ಮನೆ ಇಷ್ಟು ದಿನ ಖಾಲಿ ಏಕೆ ಬಿದ್ದಿದೆ ಎಂಬ ಪ್ರಶ್ನೆ ಅವಳಿಗೆ ಆಗಲೇ ಹುಟ್ಟಿದ್ದು.

ನೋಡುತ್ತಾ ಹೋದಂತೆ ಪ್ರಶ್ನೆಗಳು ಹೆಚ್ಚಾದವು. ಯಾರೂ ವಾಸವಿಲ್ಲದ ಮನೆಯ ನಡುಮನೆಯ ನೆಲ ಒದ್ದೆಯಾಗಿತ್ತು. ಹೊಸ್ತಿಲ ಕಲ್ಲು ನಡುವೆ ಬಟ್ಟಲಿನ ಹಾಗೆ ಸವೆದಿತ್ತು. ಮುಂಬಾಗಿಲಿಗೆ ಒಳಗಿನಿಂದ ಅಗುಳಿಯೇ ಇರಲಿಲ್ಲ. ಅಗುಳಿ ಇದ್ದ ಜಾಗದಲ್ಲಿ ಮೊಳೆಯ ತೂತುಗಳಿದ್ದವು, ಒಂದಲ್ಲ, ಬೇರೆ ಬೇರೆ ಎತ್ತರದಲ್ಲಿ ಹಲವು.

"ಹಿತ್ತಲಲ್ಲಿ ಏನೈತೆ ಸಾಮಿ?"

"ಏನಿಲ್ಲಮ್ಮ. ಒಂದು ಹಳೇ ಬಾವಿ. ಅದನ್ನ ಈಗ ಯಾರು ಬಳಸ್ತಾರೆ" ಎಂದರು ಅವರು ನೆಲ ನೋಡುತ್ತಾ.

ಅವಳು ಹಿತ್ತಲಿಗೆ ಹೋಗಿ ನೋಡಿದಳು. ಕಲ್ಲು ಕಟ್ಟಿದ ದೊಡ್ಡ ಬಾವಿ, ಒಂದು ಪಕ್ಕದಲ್ಲಿ ಕೆಳಗಿಳಿಯುವ ಮೆಟ್ಟಿಲು. ಯಾರೂ ಬಳಸದ ಬಾವಿಯ ರಾಟೆ ತುಕ್ಕು ಹಿಡಿದಿರಬೇಕಿತ್ತು. ಇದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಹಗ್ಗದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಬೇಳೆ ಬೇಯಿಸಿ ನೋಡ್ಬೇಕು" ಎಂದಳು. ನಾಗಲಿಂಗಯ್ಯನವರಿಗೆ ಅರ್ಥವಾಗಲಿಲ್ಲ, ಆದರೂ ಪಕ್ಕದ ಮನೆ ತೋರಿಸಿದರು. ಬೀಗದ ಕೈ ಇಟ್ಟುಕೊಳ್ಳುವ ಪಾಪಕ್ಕನ ಮನೆ ಅದು. ಒಂಟಿ ಹೆಂಗಸು, ಜಗಲಿಯ ಮೇಲೆ ಕಡ್ಲೆಕಾಯಿ ಸುಲಿಯುತ್ತಾ ಕುಳಿತಿದ್ದಳು. ವರಲಕ್ಷ್ಮಿ ಖಾಲಿ ಮನೆಯ ನಲ್ಲಿಯಿಂದ ಒಂದು ಪಾತ್ರೆ ನೀರು ತಂದು ಪಾಪಕ್ಕನ ಒಲೆಯ ಮೇಲೆ ಬೇಳೆ ಇಟ್ಟಳು. ಅದು ಪಾವಗಡದ ಬೇಳೆಯ ತಮ್ಮನೇ, ಮೆತ್ತಗಾಗುವ ಲಕ್ಷಣವಿಲ್ಲ. ಅಷ್ಟರಲ್ಲಿ ಪಾಪಕ್ಕ ಮುದ್ದೆ ಊಟಕ್ಕೆ ಕರೆದಳು. ಅವಳ ಹುಳಿಯಲ್ಲಿ ಬೇಳೆ ಬೆಣ್ಣೆಯ ಹಾಗೆ ಕರಗಿತ್ತು.

"ಅಕ್ಕಾ, ನಿಮ್ಮ ಬೇಳೆ ಯಾವ ನೀರಲ್ಲಿ ಬೆಂದಿದ್ದು?"

"ಇಲ್ಲೀದೇ" ಎಂದಳು ಪಾಪಕ್ಕ.

"ಇಲ್ಲೀದು ಅಂದ್ರೆ?"

ಪಾಪಕ್ಕ ಮಾತು ತಿರುಗಿಸಿದಳು. "ನೀನು ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀಯಮ್ಮ?"

"ಕೋಳಿ ಕೂಗೋ ಹೊತ್ತಿಗೆ. ಯಾಕಕ್ಕ?"

"ಬೇಗ ಏಳೋರು ಆದ್ರೆ ವಾಸಿ. ನಿದ್ದೆ ಹಗುರಾಗಿದ್ರೆ ಕಷ್ಟ ಕದಾ." ಅಷ್ಟು ಹೇಳಿ ಒಳಗೆ ಹೋಗಿಬಿಟ್ಟಳು.

ನಾಗಲಿಂಗಯ್ಯ ಅಡ್ವಾನ್ಸ್ ಇವತ್ತೇ ಕೊಟ್ಟರೆ ಅನುಕೂಲ ಎಂದರು. ಮನೆಯ ಯಜಮಾನರು ಅವಸರ ಮಾಡಿದರೆ ತಾನು ನಿಧಾನ ಮಾಡಬೇಕು ಎಂಬುದು ವರಲಕ್ಷ್ಮಿಯ ಪಾಠಗಳಲ್ಲಿ ಒಂದು. "ಎರಡು ದಿನ ಟೈಮ್ ಕೊಡಿ" ಎಂದು ಹೊರಟಳು. ಬಸ್ ಸ್ಟಾಂಡಿನ ಹತ್ತಿರ ಗಂಡ ಸಿಕ್ಕಿ, ಎಲ್ಲವನ್ನೂ ಕೇಳಿ, "ದೆವ್ವಗಿವ್ವ ಇರಬೋದು ಕಣೆ, ಬ್ಯಾಡ ಬುಡು" ಎಂದ.

"ದೆವ್ವಕ್ಕೆ ನೀರು ಸೇದೋ ಕೆಲಸ ಏನೈತೆ" ಎಂದಳು ಅವಳು.

ಅಂದು ಅವಳು ಕೊರಟಗೆರೆಗೆ ಹೋಗಲಿಲ್ಲ. ಮಗಳನ್ನು ಹೇಗೂ ತವರಿನಲ್ಲಿ ಬಿಟ್ಟಿದ್ದಳು, ಅಲ್ಲಿಯೇ ಉಳಿದು ಬೆಳಗಿನ ಮೊದಲ ಬಸ್ಸಿಗೆ ಕೊಡಿಗೇನಹಳ್ಳಿಗೆ ಬಂದಳು. ಬೀದಿಯ ತಿರುವಿನಲ್ಲಿ ನಿಂತು ನೋಡಿದರೆ, ಆ ಖಾಲಿ ಮನೆಯ ಮುಂಬಾಗಿಲು ಹಾರುಹೊಡೆದಿತ್ತು. ತಾಮ್ರದ ಬಿಂದಿಗೆ, ಸ್ಟೀಲ್ ಬಿಂದಿಗೆ, ಪ್ಲಾಸ್ಟಿಕ್ ಕೊಡಗಳನ್ನು ಹಿಡಿದ ಹೆಂಗಸರು ತಮ್ಮ ಮನೆಗೇ ಹೋಗುವವರ ಹಾಗೆ ಒಳಗೆ ಹೋಗುತ್ತಿದ್ದರು, ನೀರು ತುಳುಕಿಸುತ್ತಾ ಹೊರಗೆ ಬರುತ್ತಿದ್ದರು. ಒದ್ದೆ ನೆಲ, ಸವೆದ ಹೊಸ್ತಿಲು, ಹೊಳೆಯುವ ರಾಟೆ, ಪಾಪಕ್ಕನ ಬೇಳೆ, ಅವಳ ಹತ್ತಿರವಿದ್ದ ಬೀಗದ ಕೈ, ಎಲ್ಲಕ್ಕೂ ಉತ್ತರ ಅಲ್ಲಿ ಸಾಲುಗಟ್ಟಿ ನಡೆಯುತ್ತಿತ್ತು.

ಅವಳನ್ನು ಕಂಡ ಹೆಂಗಸರು ಹೆಜ್ಜೆ ಜೋರು ಮಾಡಿದರು. ವಯಸ್ಸಾದ ಒಬ್ಬಾಕೆ ಮಾತ್ರ ಬಿಂದಿಗೆಯನ್ನು ಸೊಂಟದ ಮೇಲೆ ಸರಿಮಾಡಿಕೊಂಡು ಕೇಳಿದಳು. "ಬಾಡಿಗೆಗೆ ಬರೋಳು ನೀನೇಯಾ?"

"ಇನ್ನೂ ಗೊತ್ತಿಲ್ಲ ಅಜ್ಜಿ. ನೋಡೋಕ್ ಬಂದೆ."

"ನೋಡು ಮತ್ತೆ. ನೋಡಿಬುಟ್ಟು ಹೋಗು. ಎಲ್ರೂ ಹಂಗೇ ಹೋಗೋದು."

ಆಕೆಯ ಹೆಸರು ಹನುಮಕ್ಕ. ಊರಾಚೆಯ ಕಾಲೊನಿಯವಳು. ವರಲಕ್ಷ್ಮಿ ಹೋಗಲಿಲ್ಲ, ಆಕೆಯ ಹಿಂದೆಯೇ ಬಾವಿಯವರೆಗೆ ನಡೆದಳು, ಆಕೆಯ ಕೈಯಿಂದ ಹಗ್ಗ ತೆಗೆದುಕೊಂಡು ತಾನೇ ಸೇದಿಕೊಟ್ಟಳು. ಸೇದುತ್ತಲೇ ಕೇಳಿದಳು. ಇಷ್ಟು ಮನೆಗಳ ಜನ ಒಬ್ಬರ ಮನೆಯ ಒಳಗಿಂದ ಹೋಗಿ ನೀರು ತರುವುದು ಯಾವಾಗಿನಿಂದ, ಯಾಕೆ?

ಹನುಮಕ್ಕ ಬಾವಿಕಟ್ಟೆಯ ಮೇಲೆ ಕುಳಿತಳು. "ಬಾವಿಗಳೆಲ್ಲ ತಳ ಕಂಡಿದ್ ವರ್ಷ ಅದು. ನಾನು ಸಣ್ಣೋಳು. ನಮ್ಮೋರ್ನ ಬ್ಯಾರೆ ಬಾವಿ ಹತ್ರ ಸೇರಿಸ್ತಿರಲಿಲ್ಲ. ನಮ್ಮವ್ವ ಬಿಂದಿಗೆ ಹಿಡ್ಕಂಡು ಬೀದಿ ತುದೀಲಿ ನಿಂತ್ಕಣಾಳು, ಯಾರಾದ್ರೂ ಒಂದ್ ಕೊಡ ಹುಯ್ತಾರೇನೋ ಅಂತ. ಈ ಮನೆ ಅಜ್ಜಿ ಬಾಗ್ಲಲ್ಲಿ ನಿಂತಿದ್ಲು. 'ಯಾಕಮ್ಮ ಅಲ್ ನಿಂತಿದ್ದೀಯ, ಒಳಕ್ ಬಾ' ಅಂದ್ಲು. ಅಷ್ಟೇ ಕಣಮ್ಮ ಅವ್ಳು ಅಂದಿದ್ದು. ನಮ್ಮವ್ವ ಒಳಕ್ ಬಂದ್ಲು. ಅವತ್ತಿಂದ ಬತ್ತಾ ಇದ್ದೀವಿ."

"ಬೀದಿಯೋರು ಸುಮ್ನಿದ್ರಾ?"

"ಸುಮ್ನಿರ್ತಾರಾ? ಕೆಲವು ದಿನ ಅವ್ರು ಈ ನೀರು ಮುಟ್ಲಿಲ್ಲ. ಆಮೇಲೆ ದಾಹ ಆಯ್ತು, ಬಂದ್ರು." ಹನುಮಕ್ಕ ನಕ್ಕಳು. ಪಕ್ಕದಲ್ಲಿದ್ದ ಬೀದಿಯ ಹೆಂಗಸರೂ ನಕ್ಕರು.

ಈಗ ಊರಿನಲ್ಲಿ ಕಾರ್ಡ್ ಹಾಕಿದರೆ ಬರುವ ಮಿಷಿನ್ ನೀರಿದೆ. ಅದು ಕೆಟ್ಟು ನಿಲ್ಲುವ ದಿನಗಳೂ ಇವೆ, ಅಡುಗೆಗೆಲ್ಲ ಅದನ್ನೇ ಹೊತ್ತು ತರಲು ಆಗುವುದೂ ಇಲ್ಲ. ಹಾಗಾಗಿ ಬಾವಿಯ ದಾರಿ ನಿಂತಿರಲಿಲ್ಲ. ನಾಗಲಿಂಗಯ್ಯನವರ ಸಂಸಾರ ಮಧುಗಿರಿಗೆ ಹೋದ ಮೇಲೆ ಬಾಡಿಗೆಗೆ ಬಂದ ಯಾರಿಗೂ ಈ ವಿಷಯ ಮೊದಲೇ ಗೊತ್ತಿರಲಿಲ್ಲ. ಒಬ್ಬರು ಬಂದ ಮರುದಿನವೇ ಅಗುಳಿ ಹಾಕಿಸಿದರು. ಬೀದಿಯವರು ಬಾಗಿಲು ಬಡಿದರು, ಜಗಳವಾಯಿತು, ಅಗುಳಿ ಹೋಯಿತು, ಅವರೂ ಹೋದರು. ಇನ್ನೊಬ್ಬರು ಹನುಮಕ್ಕನನ್ನು ನೋಡಿ, ಬೀದಿಯವರು ಬೇಕಾದರೆ ಬರಲಿ, ಕಾಲೊನಿಯವರು ಬೇಡ ಎಂದು ಹೊಸ ಅಗುಳಿ ಹಾಕಿಸಿದರು. ಆಗ ಬೀದಿಯವರೇ ಆ ಅಗುಳಿಯನ್ನು ಕಿತ್ತರಂತೆ. ಬಾಗಿಲಿನ ತೂತುಗಳು ವರಲಕ್ಷ್ಮಿಗೆ ಈಗ ಅರ್ಥವಾದವು.

ಒಂದು ಮಾತ್ರ ಅರ್ಥವಾಗಲಿಲ್ಲ. ಪ್ರತಿ ಸಲವೂ ಜಗಳವಾಗುತ್ತದೆ, ಪ್ರತಿ ಸಲವೂ ಬಾಡಿಗೆಯವರು ಓಡುತ್ತಾರೆ ಎಂದು ಗೊತ್ತಿದ್ದೂ ನಾಗಲಿಂಗಯ್ಯ ಮೊದಲೇ ಏಕೆ ಹೇಳುವುದಿಲ್ಲ? ಹೇಳಿದರೆ ಯಾರೂ ಬರಲಾರರು ಎಂಬ ಭಯವೇ? ಮೆತ್ತಗಿನ ಮನುಷ್ಯ, ಸುಳ್ಳು ಹೇಳುವಾಗ ನೆಲ ನೋಡುತ್ತಾರೆ. ಅದನ್ನು ಅವರನ್ನೇ ಕೇಳಬೇಕು ಎಂದು ಅವಳು ಅದೇ ದಿನ ಮಧುಗಿರಿಗೆ ಬಸ್ಸು ಹತ್ತಿದಳು.

ಗೊಬ್ಬರದ ಮೂಟೆಗಳ ನಡುವೆ ಅವರು ಅವಳಿಗೊಂದು ಸ್ಟೂಲ್ ಹಾಕಿದರು. ಅಡ್ವಾನ್ಸ್ ತಂದಿದ್ದಾಳೆ ಎಂದುಕೊಂಡಿರಬೇಕು, ಟೀ ಹೇಳಿಕಳಿಸಿದರು.

"ಬೆಳಿಗ್ಗೆ ಬಾವಿ ಹತ್ರ ಹೋಗಿದ್ದೆ ಸಾಮಿ" ಎಂದಳು ವರಲಕ್ಷ್ಮಿ.

ಅವರು ನೆಲ ನೋಡಿದರು.

"ನೀವು ಹೇಳ್ಲಿಲ್ಲ."

"ಹೇಳೋಣ ಅಂತಲೇ ಇದ್ದೆ. ನೋಡಮ್ಮ, ಮನೆ ನಿಂಗೆ ಕೊಟ್ ಮೇಲೆ ಅದು ನಿನ್ನ ಮನೆ. ಬಾಗ್ಲು ತೆಗೆಯೋದು ಹಾಕೋದು ನಿನ್ನಿಷ್ಟ. ನೀನು ಹಾಕ್ಕೊಂಡ್ರೆ ನಾನೇನೂ ಬೇಡ ಅನ್ನಲ್ಲ."

ವರಲಕ್ಷ್ಮಿ ಟೀ ಲೋಟ ಕೆಳಗಿಟ್ಟಳು. ಅವಳಿಗೆ ಏನೋ ಹೊಳೆದಿತ್ತು. "ಸಾಮಿ, ತಪ್ಪು ತಿಳ್ಕೋಬ್ಯಾಡಿ. ನೀವು ಬಾಡಿಗೆಗೆ ಇರೋರ್ನ ಹುಡುಕ್ತಾ ಇದ್ದೀರಾ, ಇಲ್ಲಾ ಬಾಗ್ಲು ಹಾಕೋರ್ನ ಹುಡುಕ್ತಾ ಇದ್ದೀರಾ?"

ಅಂಗಡಿಗೆ ಬಂದ ರೈತನೊಬ್ಬ ಯೂರಿಯಾ ಕೇಳಿದ. ನಾಗಲಿಂಗಯ್ಯ ಎದ್ದು ಹೋಗಿ ಕೊಟ್ಟು ಬಂದರು. ಮತ್ತೆ ಕೂರಲು ಬಹಳ ಹೊತ್ತು ಮಾಡಿದರು.

"ಮನೆಯಲ್ಲಿ ಎಲ್ರೂ ಅದನ್ನ ಮಾರ್ಬುಡಿ ಅಂತಾರೆ" ಎಂದರು ಕೊನೆಗೆ. "ಊರೆಲ್ಲ ಓಡಾಡೋ ಮನೇನ ಯಾರು ತಗೋತಾರೆ. ಮೊದ್ಲು ಜನ ಬರೋದು ನಿಲ್ಬೇಕು. ನಮ್ಮಜ್ಜಿ ತೆಗೆದ ಬಾಗ್ಲು ಅದು. ನನ್ನ ಕೈಲಿ ಹೆಂಗಮ್ಮ ಹಾಕ್ಲಿ. ಬರಬೇಡಿ ಅನ್ನೋಕೆ ನಾಲಿಗೆ ಏಳಲ್ಲ."

"ಅದಕ್ಕೆ ನಮ್ಮಂಥೋರ ಕೈಲಿ ಹಾಕ್ಸೋಣ ಅಂತ."

ವರಲಕ್ಷ್ಮಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಇನ್ನೊಂದು ಪ್ರಶ್ನೆ. "ನೀವು ಬೆಳಗಿನ ಹೊತ್ತು ಅಲ್ಲಿಗೆ ಹೋಗಿ ಎಷ್ಟು ವರ್ಷ ಆಯ್ತು?"

"ಅಂಗಡಿ ಬಿಟ್ಟು ಎಲ್ಲಿ ಹೋಗ್ಲಿ. ಬಾಳಾ ಆಯ್ತು."

"ಒಂದ್ಸಲ ಬಂದು ನಿಂತ್ಕಳಿ. ಆಮೇಲೂ ಮಾರ್ಬೇಕು ಅನ್ಸಿದ್ರೆ ನೀವೇ ಹೇಳ್ಬುಡಿ, ಇನ್ನೊಬ್ರ ಬಾಯಲ್ಲಿ ಬ್ಯಾಡ. ಇರಲಿ ಅನ್ಸಿದ್ರೆ ಆ ಮನೆ ನನಗೇ ಕೊಡಿ. ಆದ್ರೆ ಬಾವಿ ಎಲ್ಲರ್ದೂ ಅಂತ ಕರಾರು ಪತ್ರದಲ್ಲಿ ಬರೀಬೇಕು. ನಾಳೆ ನಾನು ಜಗಳ ಆಡ್ದೆ ಅಂತಾನೂ ಆಗ್ಬಾರ್ದು, ಹೇಳ್ಲಿಲ್ಲ ಅಂತಾನೂ ಆಗ್ಬಾರ್ದು."

"ಅದನ್ನ ಬರೆದ್ರೆ ಮಾರೋದು ಹೋಯ್ತಲ್ಲಮ್ಮ" ಎಂದರು ನಾಗಲಿಂಗಯ್ಯ. ಮಾತು ಅಲ್ಲಿಗೇ ನಿಂತಿತು.

ಮುತ್ತುರಾಜುವಿಗೆ ಇದೆಲ್ಲ ತಿಳಿದಾಗ ಅವನು ತಲೆ ಮೇಲೆ ಕೈ ಹೊತ್ತ. ಜೊತೆಯವನ ರೂಮಿನಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಮಲಗುತ್ತಿದ್ದವನು ಅವನು. "ನೀನು ಮನೆ ನೋಡಕ್ ಹೋದ್ಯೋ, ಪಂಚಾಯ್ತಿ ಮಾಡಕ್ ಹೋದ್ಯೋ?" ಎಂದ. ಅವನ ಮಾತಿಗೆ ಬಸ್ ಸ್ಟಾಂಡ್ ಹಿಂದಿನ ಒಂದು ಹೊಸ ಮನೆಯನ್ನೂ ಅವಳು ನೋಡಿ ಬಂದಳು. ಬೆಳಕು ಪರವಾಗಿಲ್ಲ, ನೀರು ನಡೆಯುತ್ತದೆ, ಮಾಲೀಕನಿಗೆ ಬೋರ್ಡ್ ಹಾಕಿದರೂ ಬೇಸರವಿಲ್ಲ. ತಕರಾರು ತೆಗೆಯಲು ಅಲ್ಲಿ ಏನೂ ಇರಲಿಲ್ಲ. ಆದರೂ ಅಡ್ವಾನ್ಸ್ ಕೊಡಲು ಕೈ ಬರಲಿಲ್ಲ. ಆ ಮನೆಯ ಬಗ್ಗೆ ಕೇಳಿ ತಿಳಿಯುವಂಥದ್ದು ಏನೂ ಉಳಿದಿರಲಿಲ್ಲವಲ್ಲ, ಅದೇ ಅವಳಿಗೆ ಸಪ್ಪೆ ಅನ್ನಿಸಿತು. ಗಂಡನಿಗೆ ಇದನ್ನು ಹೇಳಿದರೆ ಬೈಯುತ್ತಾನೆಂದು ಹೇಳಲಿಲ್ಲ.

ಅವಳು ಸುಮ್ಮನೆ ಕಾಯುತ್ತಿದ್ದಾಗ ನಾಗಲಿಂಗಯ್ಯನವರ ಫೋನ್ ಬಂತು. "ನಾಳೆ ಬೆಳಿಗ್ಗೆ ಬತ್ತೀನಿ. ನೀನೂ ಬಾರಮ್ಮ, ಒಬ್ನೇ ನಿಲ್ಲೋಕೆ ಒಂಥರಾ."

ಅವರು ಬಂದು ಮುಂಬಾಗಿಲ ಪಕ್ಕದಲ್ಲಿ, ಚೌಕಟ್ಟಿಗೆ ಒರಗಿ ನಿಂತರು. ಹೆಂಗಸರು ಯಜಮಾನರನ್ನು ಕಂಡು ಹೊರಗೇ ತಡೆದರು. ಬಾಗಿಲು ಹಾಕುವುದಕ್ಕೇ ಬಂದಿದ್ದಾರೆ ಎಂದುಕೊಂಡರೋ ಏನೋ. ಹನುಮಕ್ಕ ಗುಂಪಿನ ಹಿಂದಿನಿಂದ ಮುಂದಕ್ಕೆ ಬಂದು ಅವರನ್ನೇ ದಿಟ್ಟಿಸಿ ನೋಡಿದಳು.

"ಯಾರು, ನಾಗಲಿಂಗಪ್ಪನಾ? ಎಷ್ಟ್ ದಿನ ಆಗಿತ್ತಪ್ಪ ನಿನ್ನ ಮುಖ ನೋಡಿ. ನಿಮ್ಮಜ್ಜೀನೂ ಅಲ್ಲೇ ನಿಂತ್ಕಣಾಳು, ಅದೇ ಜಾಗ್ದಲ್ಲಿ."

ನಾಗಲಿಂಗಯ್ಯ ತಾವು ನಿಂತ ಜಾಗವನ್ನೊಮ್ಮೆ ನೋಡಿಕೊಂಡರು. ಅವರ ಬಾಯಿಂದ ಹೊರಟದ್ದು ಎರಡೇ ಮಾತು. "ಒಳಗ್ ಬರ್ರಮ್ಮ."

ಹೆಂಗಸರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹನುಮಕ್ಕ ತುಂಬಿದ ಬಿಂದಿಗೆ ಹೊತ್ತು ಬಂದಳು, ಹೊಸ್ತಿಲ ಹತ್ತಿರ ಇಳಿಸಿ ಉಸಿರು ತೆಗೆದುಕೊಂಡಳು. ಅದನ್ನು ಮತ್ತೆ ತಲೆಗೇರಿಸಲು ಯಾರಾದರೂ ಕೈ ಕೊಡಬೇಕಿತ್ತು. ಹತ್ತಿರವಿದ್ದವರು ಅವರೇ. ಇಸ್ತ್ರಿ ಅಂಗಿಯ ತೋಳು ಮಡಿಸದೆಯೇ ಬಗ್ಗಿ ಬಿಂದಿಗೆ ಎತ್ತಿಕೊಟ್ಟರು. ನೀರು ತುಳುಕಿ ಎದೆಯೆಲ್ಲ ಒದ್ದೆಯಾಯಿತು. ಅದಾದ ಮೇಲೆ ಬಂದ ಇನ್ನೂ ಕೆಲವರಿಗೆ ಅವರೇ ಎತ್ತಿಕೊಟ್ಟರು. ವರಲಕ್ಷ್ಮಿ ಪಾಪಕ್ಕನ ಜಗಲಿಯಲ್ಲಿ ಕುಳಿತು ನೋಡುತ್ತಿದ್ದಳು.

ಕರಾರು ಪತ್ರ ಟೈಪ್ ಮಾಡುವವನಿಗೆ ಬಾವಿಯ ಮಾತು ಹೇಗೆ ಹಾಕಬೇಕೋ ತಿಳಿಯಲಿಲ್ಲ. "ಇಂಥದ್ದು ಯಾರೂ ಬರೆಸಲ್ಲ ಸಾರ್" ಎಂದ. ನಾಗಲಿಂಗಯ್ಯ ತಾವೇ ಹೇಳಿ ಬರೆಸಿದರು: ಹಿತ್ತಲ ಬಾವಿಯ ನೀರಿಗೆ ಊರಿನ ಯಾರೇ ಬಂದರೂ, ಬೆಳಗಾದಾಗಿನಿಂದ ದೀಪ ಹಚ್ಚುವವರೆಗೆ, ಮನೆಯಲ್ಲಿರುವವರು ದಾರಿ ಬಿಡತಕ್ಕದ್ದು. ದೀಪ ಹಚ್ಚಿದ ಮೇಲೆ ಬಾಗಿಲಿಗೆ ಅಗುಳಿ ಹಾಕಿಕೊಳ್ಳಬಹುದು ಎಂಬುದು ವರಲಕ್ಷ್ಮಿ ಸೇರಿಸಿದ ಮಾತು. ಬೀದಿಯವರು ಅದಕ್ಕೆ ಒಪ್ಪಿದರು. ಅಗುಳಿಯನ್ನು ಕೂರಿಸಿದ್ದು ಮುತ್ತುರಾಜು.

ಆ ಮನೆಯ ವಾಸ ಸುಲಭವಾಗಿತ್ತು ಎಂದು ಹೇಳಲಾಗದು. ನೆಲ ಯಾವಾಗಲೂ ಒದ್ದೆ. ಸ್ಕೂಲಿಗೆ ಹೊರಟ ಮಗಳು ಜಾರಿ ಬಿದ್ದು ಯೂನಿಫಾರ್ಮ್ ಕೆಸರು ಮಾಡಿಕೊಂಡು ಅತ್ತದ್ದುಂಟು. ಮುತ್ತುರಾಜುವಿನ ಪಾಡು ಇನ್ನೂ ಕಷ್ಟ. ಬೆಳಿಗ್ಗೆ ಬನಿಯನ್ನಿನಲ್ಲಿ ಹಲ್ಲುಜ್ಜುತ್ತಾ ನಿಂತವನನ್ನು ಬಿಂದಿಗೆ ಹೊತ್ತವರೆಲ್ಲ ನಿಲ್ಲಿಸಿ, "ನಮ್ಮ ಕಡೆ ವೋಲ್ಟೇಜ್ ಇಲ್ಲ ಕಣಪ್ಪ", "ಆ ಕಂಬದ ವೈರು ಜೋತಾಡ್ತೈತೆ ನೋಡಪ್ಪ" ಎಂದು ದೂರು ಕೊಡುತ್ತಿದ್ದರು. ಆಫೀಸಿಗೆ ಹೋಗುವುದರೊಳಗೇ ಅವನ ಅರ್ಧ ದಿನದ ಕೆಲಸ ಗೊತ್ತಾಗಿರುತ್ತಿತ್ತು. ಮೊದಮೊದಲು ಗೊಣಗಿದ. ಆಮೇಲೆ ಅಂಗಿ ಹಾಕಿಕೊಂಡೇ ಹಲ್ಲುಜ್ಜಲು ಶುರುಮಾಡಿದ.

ವರಲಕ್ಷ್ಮಿ ಮಿಷಿನ್ನನ್ನು ನಡುಮನೆಯಲ್ಲಿ, ಗವಾಕ್ಷಿಯ ಬೆಳಕಿನ ಕೆಳಗೇ ಇಟ್ಟಳು. ನೀರಿಗೆ ಬಂದವರು ಅಳತೆ ಕೊಟ್ಟರು. ಬೋರ್ಡ್ ಹಾಕುವ ಅಗತ್ಯವೇ ಬೀಳಲಿಲ್ಲ. ಊರಿಗೆ ಹೊಸದಾಗಿ ಬರುವ ಟೀಚರುಗಳು, ನರ್ಸುಗಳು ಮನೆ ಹುಡುಕುವಾಗ ಅವಳನ್ನು ಜೊತೆಗೆ ಕರೆಯುವುದೂ ಶುರುವಾಯಿತು. ಅವಳು ಸೂಜಿ ಬೇಳೆ ಎರಡನ್ನೂ ತೆಗೆದುಕೊಂಡು ಹೋಗುತ್ತಾಳೆ. ಮಾಲೀಕನಿಗಿಂತ ಮೊದಲು ಪಕ್ಕದ ಮನೆಯವರನ್ನು ಮಾತಾಡಿಸುತ್ತಾಳೆ. "ಒಂದ್ಸಲ ಬೆಳಿಗ್ಗೆ ಬಂದು ನೋಡಿ, ಒಂದ್ಸಲ ಸಂಜೆ ಬಂದು ನೋಡಿ" ಎನ್ನುತ್ತಾಳೆ. "ಮುಂಚೆ ಇದ್ದೋರು ಯಾಕೆ ಬಿಟ್ರು ಅಂತ ಕೇಳಿ. ಹೇಳಕ್ಕೆ ತಡವರಿಸಿದ್ರೆ ಹೆದರಿಕೊಂಡು ಓಡ್ಬ್ಯಾಡಿ, ಇನ್ನೊಂದ್ಸಲ ಕೇಳಿ."

ಮಾರುವ ಮಾತನ್ನು ನಾಗಲಿಂಗಯ್ಯ ಮತ್ತೆ ಎತ್ತಿಲ್ಲ. ಅವರ ಮನೆಯಲ್ಲಿ ಅದಕ್ಕೆ ಸಮಾಧಾನವಾಗಿದೆಯೋ ಇಲ್ಲವೋ, ಅದನ್ನು ಮಾತ್ರ ವರಲಕ್ಷ್ಮಿ ಕೇಳಲು ಹೋಗಿಲ್ಲ. ತಿಂಗಳಿಗೊಮ್ಮೆ ಅವರು ಬೆಳಗಿನ ಹೊತ್ತಿಗೇ ಬರುತ್ತಾರೆ, ಪಾಪಕ್ಕನ ಮನೆಯ ಟೀ ಕುಡಿದು ಹೋಗುತ್ತಾರೆ.

ಕಳೆದ ಬೇಸಗೆಯಲ್ಲಿ ಬಾವಿಯ ನೀರು ಕೆಳಗಿಳಿಯಿತು. ಹೂಳು ತೆಗೆಯಬೇಕೆಂದು ಬೀದಿಯವರೂ ಕಾಲೊನಿಯವರೂ ಸೇರಿ ಒಂದು ಭಾನುವಾರ ಗೊತ್ತುಮಾಡಿದರು. ವರಲಕ್ಷ್ಮಿಗೆ ಬಂದಂದಿನಿಂದ ಒಂದು ಕುತೂಹಲ ಉಳಿದೇ ಇತ್ತು. ನಲ್ಲಿಯ ನೀರಿಗೂ ಪಕ್ಕದ ಬೋರಿನ ನೀರಿಗೂ ಇಲ್ಲದ ರುಚಿ ಇದೊಂದಕ್ಕೆ ಎಲ್ಲಿಂದ ಬಂತು? ಜಯಮಂಗಲಿ ನದಿಯ ನೀರು ಮರಳಿನ ಅಡಿಯಿಂದ ಬರುತ್ತದೆ ಎಂದು ಕೆಲವರು. ಮಧುಗಿರಿ ಬೆಟ್ಟದ ಬುಡದಿಂದಲೇ ಒಂದು ಸೆಲೆ ಇದೆ ಎಂದು ಹನುಮಕ್ಕ. ಪಾಪಕ್ಕನಿಗೆ ಇಂಥ ಪ್ರಶ್ನೆಗಳೇ ಬೇಡ. "ಬತ್ತೈತೆ ಕದಾ, ಅಷ್ಟು ಸಾಲ್ದಾ" ಎನ್ನುತ್ತಾಳೆ.

ಹೂಳು ತೆಗೆಯುವವರು ಊಟಕ್ಕೆ ಮೇಲೆ ಬಂದಾಗ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಇಳಿಯತೊಡಗಿದಳು. ಮೇಲಿನಿಂದ ಮುತ್ತುರಾಜು, "ಎಲ್ಲಿಗೆ ಹೊಂಟೆ, ಜಾರ್ತೈತೆ" ಎಂದು ಕೂಗಿದ. ಅವಳು ಗೋಡೆ ಹಿಡಿದು ತಳದವರೆಗೂ ಹೋದಳು. ಕೆಳಗೆ ತಂಪಾಗಿತ್ತು, ಆಕಾಶ ಒಂದು ತಟ್ಟೆಯಷ್ಟೇ ಕಾಣುತ್ತಿತ್ತು. ಕಲ್ಲುಗಳ ಸಂದಿಯೊಂದರಲ್ಲಿ, ಅಂಗೈ ಅಗಲದ ಜಾಗದಿಂದ, ನೀರು ಸದ್ದಿಲ್ಲದೆ ಒಸರುತ್ತಿತ್ತು. ಅವಳು ಬಗ್ಗಿ ಕೈಯನ್ನು ಆ ಸಂದಿಯೊಳಗೆ ಮಣಿಕಟ್ಟಿನವರೆಗೆ ತೂರಿಸಿದಳು. ನೀರು ಬೆರಳುಗಳ ನಡುವೆ ತಳ್ಳಿಕೊಂಡು ಬರುತ್ತಿತ್ತು.

"ಏನಾದ್ರೂ ಗೊತ್ತಾಯ್ತಾ?" ಎಂದು ಮೇಲಿನಿಂದ ಹನುಮಕ್ಕ ಕೇಳಿದಳು.

"ಇನ್ನೂ ಇಲ್ಲ ಅಜ್ಜಿ" ಎಂದಳು ವರಲಕ್ಷ್ಮಿ. ಕೈಯನ್ನು ಇನ್ನೊಂದಿಷ್ಟು ಒಳಗೆ ಚಾಚಿದಳು.